ನೀ ಇದ್ರ ನಮಗ ಒಂದೂ ನಡಿಯೂದಿಲ್ಲ

ಮದುವೆಯಾಗಿ ಆ ಊರಿಗೆ ಹೋದ ಹೊಸದರಲ್ಲಿ ನನಗೆ ಅಲ್ಲಿಯ ಜನರ ಮಾತೆಲ್ಲ ತಿಳಿಯುತ್ತಿತ್ತು, ಜನ ಮಾತ್ರ ತಿಳಿಯುತ್ತಿರಲಿಲ್ಲ. ಭಾಷೆ ನಮ್ಮದೇ. ಆದರೆ ಹೊಳೆಯ ಸೇತುವೆ ದಾಟಿ ಆ ಊರಿನ ಕಡೆ ಬಂದ ಮೇಲೆ ಮನುಷ್ಯರ ದನಿಯಲ್ಲಿ ಏರಿಳಿತ ಇರುವುದಿಲ್ಲ. ಸಿಟ್ಟು, ಅಕ್ಕರೆ, ತಮಾಷೆ, ದುಃಖ ಎಲ್ಲವೂ ಒಂದೇ ಮಟ್ಟದ ದನಿಯಲ್ಲಿ ಹೊರಬರುತ್ತವೆ. ಹೊರಗಿನಿಂದ ಬಂದವರ ದನಿಯೂ ಕೆಲವು ವಾರಗಳಲ್ಲಿ ಹಾಗೇ ಆಗಿಬಿಡುತ್ತದೆ. ನನ್ನದೂ ಆಯಿತು. ತವರಿನ ನೆನಪಾಗಿ ಒಂದು ದಿನ ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ, ನನ್ನ ಅಳು ನನಗೇ ಯಾರೋ ಮಗ್ಗಿ ಹೇಳುತ್ತಿರುವ ಹಾಗೆ ಕೇಳಿಸಿತು. ಗಾಬರಿಯಾಗಿ ಅಳುವುದನ್ನು ನಿಲ್ಲಿಸಿದೆ.

ಊರಿನವರಿಗೆ ಇದೊಂದು ಕೊರತೆ ಅನ್ನಿಸಿರಲಿಲ್ಲ. ತೊಟ್ಟಿಲ ಮುಂದೆ ಹಾಡುವ ಬದಲು ತಾಯಂದಿರು ಕೂಸಿನ ಬೆನ್ನು ತಟ್ಟುತ್ತಿದ್ದರು. ಜಗಳದಲ್ಲಿ ಬೈಗುಳಕ್ಕೆ ಬಲ ಸಾಲದಾದಾಗ ಮಡಕೆ ಎತ್ತಿ ಒಗೆಯುತ್ತಿದ್ದರು. ಹಾಗಾಗಿ ಕುಂಬಾರರಿಗೆ ಎಂದೂ ಕೆಲಸ ತಪ್ಪಿದ್ದಿಲ್ಲ. ರೇಡಿಯೋದ ಹಾಡನ್ನು ಎಲ್ಲರೂ ಕೇಳುತ್ತಿದ್ದರು, ಯಾರೂ ಗುನುಗುತ್ತಿರಲಿಲ್ಲ. ತೊಡಕು ಇದ್ದದ್ದು ಕೊಂಕು ಮಾತಿನದು. 'ಭಾಳ ಚಲೋ ಕೆಲಸ ಮಾಡಿದಿ' ಎಂದರೆ ಹೊಗಳಿದ್ದೋ ಹಂಗಿಸಿದ್ದೋ ದನಿಯಿಂದ ಗೊತ್ತಾಗುವಂತಿರಲಿಲ್ಲ. ಅದಕ್ಕೆ ಅವರು ಕೈಯನ್ನು ಬಳಸುತ್ತಿದ್ದರು. ಹೇಳುವುದು ಒಂದು, ಅರ್ಥ ಅದರ ಉಲ್ಟಾ ಎಂದಿದ್ದರೆ ಅಂಗೈ ಮೇಲೆ ಮಾಡಿ ಹೇಳಬೇಕು. ಕೈ ಸುಮ್ಮನಿದ್ದರೆ ಮಾತು ಇದ್ದ ಹಾಗೇ. ಕೈಯಲ್ಲಿ ಭಾರ ಇದ್ದಾಗ ಮಾತಾಡಬಾರದು ಎಂಬುದು ಅಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ. ನೀರು ಹೊತ್ತು ಬರುವವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಕೊಡ ಇಳಿಸಿ ಆಕೆ ಸೆರಗಿಗೆ ಕೈ ಒರೆಸಿಕೊಳ್ಳುವವರೆಗೆ ಕಾಯುತ್ತಿದ್ದರು.

ನಮ್ಮದು ಖಾನಾವಳಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ. ಅದನ್ನು ನಡೆಸುತ್ತಿದ್ದವರು ನನ್ನ ಅತ್ತೆ ರಾಚವ್ವ ಮತ್ತು ಆಕೆಯ ನಾದಿನಿ ನೀಲವ್ವ. ನೀಲವ್ವ ನನ್ನ ಮಾವನ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತು ತವರಿಗೆ ಮರಳಿದ್ದಳು. ಕೆಲವು ವರ್ಷಗಳಲ್ಲಿ ನನ್ನ ಮಾವನೂ ತೀರಿಕೊಂಡ ಮೇಲೆ, ಒಂದು ಕೂಸು ಕಂಕುಳಲ್ಲಿಟ್ಟುಕೊಂಡ ಅತ್ತಿಗೆ, ನಾದಿನಿ ಇಬ್ಬರೂ ಸೇರಿ ಒಲೆ ಹೂಡಿದರು. ಆ ಕೂಸೇ ನನ್ನ ಗಂಡ ಬಸಲಿಂಗ. ನಾನು ಬರುವ ಹೊತ್ತಿಗೆ ಅವರು ಜೊತೆಯಾಗಿ ಅರ್ಧ ಆಯುಷ್ಯ ಕಳೆದಿದ್ದರು. ರಾಚವ್ವ ಬಡಿಸುವವಳು, ನೀಲವ್ವ ರೊಟ್ಟಿ ಬಡಿಯುವವಳು. ನೀಲವ್ವನ ರೊಟ್ಟಿ ತಟ್ಟೆಗೆ ಬಿದ್ದರೆ ಅದರ ಬಿಸಿಗೆ ಬೆಣ್ಣೆ ತಾನೇ ಜಾಗ ಹುಡುಕಿಕೊಂಡು ಹರಿಯುತ್ತಿತ್ತು. ಆಕೆ ಒಲೆಯ ಮುಂದಿನಿಂದಲೇ ಪಡಸಾಲೆಯನ್ನು ನೋಡುತ್ತ, ಯಾರಿಗೆ ಇನ್ನೊಂದು ರೊಟ್ಟಿ ಬೇಕು, ಯಾರು ನಾಚಿಕೊಂಡು ಸಾಕು ಎನ್ನುತ್ತಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ನಾನು ಆಕೆಯನ್ನು ನೀಲತ್ತಿ ಎಂದು ಕರೆಯುತ್ತಿದ್ದೆ, ಆಕೆ ತನ್ನ ಅತ್ತಿಗೆಯನ್ನು ವೈನಿ ಎನ್ನುತ್ತಿದ್ದಳು.

ಇಬ್ಬರಿಗೂ ಒಂದೇ ಒಂದು ವಿಷಯದಲ್ಲಿ ಹೊಂದುತ್ತಿರಲಿಲ್ಲ. ನಮ್ಮ ಅತ್ತೆಗೆ ಖಾನಾವಳಿ ಬೆಳೆಯಬೇಕು. ಪಡಸಾಲೆಗೆ ಮೇಜು ಕುರ್ಚಿ ಹಾಕಬೇಕು, ರೊಟ್ಟಿಯ ಜೊತೆ ಅನ್ನ ಸಾರೂ ಮಾಡಬೇಕು, ಸಂಜೆಗೆ ಚಹಾ ಇಡಬೇಕು. ನೀಲತ್ತಿಗೆ ಯಾವುದೂ ಬೇಡ.

"ನೆಲದ ಮ್ಯಾಲ ಕೂತ್ರನ ಮನಶಾ ಹೊಟ್ಟಿ ತುಂಬ ಉಣ್ತಾನ. ಕುರ್ಚಿ ಮ್ಯಾಲ ಕುಂತಾವಗ ಏಳೂದರ ಮ್ಯಾಲ ಧ್ಯಾನ" ಎನ್ನುತ್ತಿದ್ದಳು.

ಅತ್ತೆ ಒಮ್ಮೆ ಬಡಿಗನಿಗೆ ಹೇಳಿ ಒಂದು ಮೇಜು ಮಾಡಿಸಿಯೂ ಬಿಟ್ಟಳು. ನೀಲತ್ತಿ ಅದನ್ನು ಅಡುಗೆಮನೆಯ ಮೂಲೆಗೆ ಎಳೆಸಿಕೊಂಡು ಮೇಲೆ ಉಪ್ಪಿನಕಾಯಿ ಭರಣಿಗಳನ್ನು ಇಟ್ಟಳು. ಮನೆ ನೀಲತ್ತಿಯ ತಂದೆಯದು. ಅತ್ತೆ ಮುಂದೆ ಮಾತು ಬೆಳೆಸಲಿಲ್ಲ. ಆದರೆ ಉಪ್ಪಿನಕಾಯಿ ತೆಗೆಯಲು ಹೋದಾಗಲೆಲ್ಲ ಒಂದು ಗಳಿಗೆ ಆ ಮೇಜಿನ ಅಂಚು ಸವರಿ ಬರುತ್ತಿದ್ದಳು. ನಾನು ನೋಡಿದ್ದೇನೆ.

ನಾನು ಹೋದ ಮೂರನೆಯ ವರ್ಷ ನೀಲತ್ತಿಗೆ ವಿಷಮಜ್ವರ ಬಂತು. ಬಹಳ ದಿನ ಹಾಸಿಗೆ ಹಿಡಿದಳು. ಒಮ್ಮೆಯಂತೂ ಡಾಕ್ಟರರು ಬಸಲಿಂಗನನ್ನು ಹೊರಗೆ ಕರೆದು ಏನೋ ಹೇಳಿ ಹೋದರು. ಅತ್ತೆ ರೊಟ್ಟಿ ಬಡಿಯಲು ಕೂತಳು, ನಾನು ಬಡಿಸಿದೆ, ಎರಡೂ ಕೆಟ್ಟವು. ರೊಟ್ಟಿ ದಪ್ಪ ಆದವು, ಜನ ಕಡಿಮೆ ಆದರು. ಆದರೆ ಅತ್ತೆಗೆ ಅದರ ಚಿಂತೆ ಇರಲಿಲ್ಲ. ಊಟದ ಹೊತ್ತು ಮುಗಿದ ಕೂಡಲೇ ಹೋಗಿ ನೀಲತ್ತಿಯ ಕಾಲ ಬಳಿ ಕೂರುತ್ತಿದ್ದಳು. ಪಾದ ತಿಕ್ಕುತ್ತ, ಆ ದಿನ ಯಾರು ಬಂದರು, ಯಾರು ಎಷ್ಟು ಉಂಡರು ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದಳು. ನೀಲತ್ತಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ಜ್ವರ ಬಿಟ್ಟು ನೀಲತ್ತಿ ಮತ್ತೆ ಒಲೆಯ ಮುಂದೆ ಕೂರುವ ದಿನ ಬಂತು. ಅತ್ತೆ ಹಿಂದಿನ ದಿನವೇ ಪೇಟೆಗೆ ಹೋಗಿ ಇಳಕಲ್ ಸೀರೆ ತಂದಿದ್ದಳು. ಹಿತ್ತಾಳೆಯ ದೊಡ್ಡ ಪರಾತದಲ್ಲಿ ಸೀರೆ, ಎಲೆ ಅಡಿಕೆ, ಒಂದು ಹಿಡಿ ಸಕ್ಕರೆ ಇಟ್ಟಳು. ಮಧ್ಯಾಹ್ನದ ಊಟಕ್ಕೆ ಪಡಸಾಲೆ ತುಂಬಿತ್ತು. ಎಲ್ಲರೂ ಗೊತ್ತಿದ್ದವರೇ, ಸೈಕಲ್ ಅಂಗಡಿಯ ದಸ್ತಗೀರ, ಶಾಲೆಯಿಂದ ನಿವೃತ್ತರಾದ ಗುರುಪಾದಯ್ಯ ಮಾಸ್ತರರು, ಬಸ್ಸಿನ ಡ್ರೈವರು ಕಂಡಕ್ಟರು. ಅತ್ತೆ ನೀಲತ್ತಿಯನ್ನು ಒಳಗಿನಿಂದ ಕರೆದು ಎಲ್ಲರ ಮುಂದೆ ನಿಲ್ಲಿಸಿದಳು. ಎರಡೂ ಕೈ ಪರಾತದ ಅಡಿಗೆ ಹಾಕಿ ಎತ್ತಿ ಹಿಡಿದಳು. ಅಷ್ಟಕ್ಕೇ ಬಿಡಬಹುದಿತ್ತು. ಕೊಡುವಾಗ ಯಾರೂ ಮಾತಾಡುವುದಿಲ್ಲ ಎಂಬುದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆಕೆಯ ಕಣ್ಣು ತುಂಬಿದ್ದವು, ಬಾಯಿ ತಡೆಯಲಿಲ್ಲ.

"ನೀಲಾ, ನೀ ಇದ್ರ ನಮಗ ಒಂದೂ ನಡಿಯೂದಿಲ್ಲ" ಎಂದಳು.

ಪಡಸಾಲೆಯಲ್ಲಿ ತಟ್ಟೆಯ ಸದ್ದು ನಿಂತಿತು. 'ನೀ ಇಲ್ದಿದ್ರ' ಎನ್ನಬೇಕಾದ ಕಡೆ 'ಇದ್ರ' ಎಂದಿದ್ದಳು. ಅಥವಾ ಅದನ್ನೇ ಹೇಳಬೇಕೆಂದಿದ್ದಳು. ಅಥವಾ ಕುಶಾಲಿಗೆ ಅಂದಿದ್ದಳು. ಅಂಗೈ ನೋಡೋಣವೆಂದರೆ ಪರಾತದ ಕೆಳಗೆ ಇತ್ತು, ಭಾರಕ್ಕೆ ಹೇಗೂ ಮೇಲೆ ಮಾಡಿಯೇ ಹಿಡಿಯಬೇಕು. ಮೊದಲು ದಸ್ತಗೀರ ನಕ್ಕ. ಅವನ ಹಿಂದೆ ಇನ್ನೂ ಒಬ್ಬಿಬ್ಬರು ನಕ್ಕರು. ನೀಲತ್ತಿ ಅತ್ತೆಯ ಮುಖ ನೋಡಿದಳು, ಪರಾತ ನೋಡಿದಳು, ಆಮೇಲೆ ಕೈ ಚಾಚಿ ಸೀರೆ ತೆಗೆದುಕೊಂಡಳು. ಒಳಗೆ ಹೋಗಿ ಅದನ್ನು ಆ ಮೇಜಿನ ಮೇಲೆ ಭರಣಿಗಳ ಪಕ್ಕದಲ್ಲಿ ಇಟ್ಟು, ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಅಷ್ಟೂ ಜನರಿಗೆ ಬಡಿದಳು. ತಾನು ಉಣ್ಣಲಿಲ್ಲ. ಬಾಯಿ ರುಚಿ ಇನ್ನೂ ಬಂದಿಲ್ಲ ಎಂದಳು, ನಾವು ನಂಬಿದೆವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ನಿಂತಳು. ಗಂಡನ ಕಡೆಯ ಒಬ್ಬಳು ಸೊಸೆ ಹೊಳೆಯಾಚೆ, ಅರ್ಧ ದಿನದ ದಾರಿಯ ಊರಿನಲ್ಲಿ ಇದ್ದಳು; ಹವಾ ಬದಲಾದರೆ ಮೈ ಸುಧಾರಿಸುತ್ತದೆ, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು. ಅತ್ತೆ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಹೊಸ ಸೀರೆಯನ್ನು ನೀಲತ್ತಿ ಉಟ್ಟುಕೊಂಡೇ ಹೋದಳು. ಅದನ್ನು ನೋಡಿ ಅತ್ತೆಗೆ ಸಂತೋಷವಾಯಿತು.

ತಿಂಗಳು ಕಳೆದರೂ ನೀಲತ್ತಿ ಬರಲಿಲ್ಲ. ಆಗ ಗುರುಪಾದಯ್ಯ ಮಾಸ್ತರರು ಊಟ ಮುಗಿಸಿ ಕೈ ತೊಳೆದುಕೊಂಡು ಅತ್ತೆಯ ಹತ್ತಿರ ಬಂದರು. "ರಾಚವ್ವಾ, ಅವತ್ತ ನೀ ಬಾಯಿ ತಪ್ಪಿ ಅಂದಿ ಹೌದಿಲ್ಲೋ?" ಎಂದು ಕೇಳಿದರು.

"ಏನಂದ್ನಿರೀ?"

ಮಾಸ್ತರರು ಹೇಳಿದರು. ಅತ್ತೆ ಒಪ್ಪಲಿಲ್ಲ. ತಾನು 'ಇಲ್ದಿದ್ರ' ಅಂತಲೇ ಅಂದದ್ದು ಎಂದಳು. ಹೌದೇನು ಎಂಬಂತೆ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿದೆ. ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಟ್ಟಳು. ಒಂದು ತಿಂಗಳ ಕಾಲ ಇಡೀ ಓಣಿಗೆ ಗೊತ್ತಿದ್ದ ಸಂಗತಿ ಅಂದವಳಿಗೇ ಗೊತ್ತಿರಲಿಲ್ಲ.

ಅದೇ ವಾರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದೆವು. ಅವನು ನಮ್ಮ ಊರಿನವನೇ, ನೀಲತ್ತಿಯ ರೊಟ್ಟಿ ಉಂಡು ಬೆಳೆದವನು. ಬೇಗ ಬಾ, ನೀನಿಲ್ಲದೆ ಕಷ್ಟ ಆಗಿದೆ ಎಂದು ಹೇಳು ಎಂದೆವು. ಎರಡು ದಿನ ಬಿಟ್ಟು ಅವನು ಉತ್ತರ ತಂದ.

"'ನಾ ಇಲ್ಲೇ ಆರಾಮ ಅದೀನಿ, ವೈನಿ ತನಗ ಬೇಕಾದಂಗ ನಡಸ್ಲಿ' ಅಂದ್ಳು" ಎಂದ.

ಅತ್ತೆ ಕೇಳಿದಳು, "ಕೈ ಹೆಂಗಿತ್ತು?"

"ಆ ಊರಾಗ ಕೈ ಯಾರು ನೋಡ್ತಾರ ರಾಚವ್ವಾ. ನಾ ಬಸ್ಸಿನಾಗ ಇದ್ದೆ, ಆಕಿ ಕೆಳಗ ನಿಂತಿದ್ಳು."

"ದನಿ?"

ಅವನು ಯೋಚಿಸಿ ನೋಡಿದ. ದನಿ ಹೇಗೋ ಇತ್ತು, ನಮ್ಮ ಹಾಗೆ ಇರಲಿಲ್ಲ, ಆದರೆ ಹೇಗೆ ಇತ್ತು ಎಂದು ಮಾಡಿ ತೋರಿಸಲು ತನಗೆ ಬರುವುದಿಲ್ಲ ಎಂದ. ಅದು ನಿಜ. ಅವನು ಹೇಳಿದ ಮಾತು ನಮ್ಮ ಪಡಸಾಲೆಯಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ತನಗ ಬೇಕಾದಂಗ ನಡಸ್ಲಿ. ಅತ್ತೆ ಅದನ್ನು ಕೊಂಕು ಎಂದೇ ತಿಳಿದಳು. ಯಾರಾದರೂ ಹಾಗೇ ತಿಳಿಯುತ್ತಿದ್ದರು, ನಾನೂ ತಿಳಿದೆ.

ಅಂದಿನಿಂದ ಅತ್ತೆ ಖಾನಾವಳಿಯಲ್ಲಿ ಒಂದು ಕಡ್ಡಿಯನ್ನೂ ಆಚೀಚೆ ಮಾಡಲಿಲ್ಲ. ಬೇಕಾದಂತೆ ನಡೆಸು ಎಂದು ಹಂಗಿಸಿದವಳಿಗೆ, ನೋಡು, ಯಾವುದನ್ನೂ ನನಗೆ ಬೇಕಾದಂತೆ ನಡೆಸಿಲ್ಲ ಎಂದು ತೋರಿಸಬೇಕಿತ್ತು. ರೊಟ್ಟಿಗೆ ಬೇರೆ ಹೆಂಗಸನ್ನು ಇಟ್ಟುಕೊಂಡಳು, ಆದರೆ ನೀಲತ್ತಿ ಕೂರುತ್ತಿದ್ದ ಒಲೆಯ ಮುಂದೆ ಕೂರಿಸಲಿಲ್ಲ. ಪಕ್ಕಕ್ಕೆ ಇನ್ನೊಂದು ಒಲೆ ಹಾಕಿಸಿದಳು. ಮೇಜಿನ ಮೇಲೆ ಭರಣಿಗಳು ಹಾಗೇ ಇದ್ದವು. ಅನ್ನ ಮಾಡೋಣವೇ ಎಂದು ಬಸಲಿಂಗ ಕೇಳಿದರೆ, "ನೀಲಾ ಬರ್ಲಿ, ಕೇಳಿ ಮಾಡೂನು" ಎನ್ನುತ್ತಿದ್ದಳು.

ನೀಲತ್ತಿಯನ್ನು ಕರೆತರಲು ಒಮ್ಮೆ ತಾನೇ ಹೊರಟಳು. ಬುತ್ತಿ ಕಟ್ಟಿಕೊಂಡು, ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬಸ್ ಹತ್ತಿದವಳು ಸೇತುವೆಯ ಬಳಿ ಇಳಿದು ನಡೆದುಕೊಂಡು ವಾಪಸ್ ಬಂದಳು. ಏನಾಯಿತು ಎಂದು ಕೇಳಿದೆ.

"ಆಕಿ ಮುಂದ ನಿಂತು ಏನಂತ ಹೇಳ್ಲಿ? ಮತ್ತ ಬಾಯಿ ತಪ್ಪಿದ್ರ?" ಎಂದಳು.

"ನಾ ಹೋಗಿ ಹೇಳ್ತೀನಿ ಅತ್ತಿ" ಎಂದೆ.

"ಬ್ಯಾಡ. ಅಂದಾಕಿ ನಾನು. ನಾನ ಹೋಗಬೇಕು" ಎಂದು ಬುತ್ತಿ ಬಿಚ್ಚಿ ನನ್ನ ಮಕ್ಕಳಿಗೆ ಹಂಚಿದಳು. ಇನ್ನೊಬ್ಬರ ಬಾಯಲ್ಲಿ ಅಲ್ಲಿಗೆ ಒಂದು ಸುದ್ದಿಯೂ ಹೋಗಕೂಡದು ಎಂದು ಕಂಡಕ್ಟರನಿಗೂ ಹೇಳಿಟ್ಟಳು. ಆಮೇಲೆ ಹೊರಡುವ ಮಾತು ಪ್ರತಿ ವರ್ಷ ಬರುತ್ತಿತ್ತು. ಸುಗ್ಗಿ ಮುಗಿಯಲಿ, ಮಳೆ ನಿಲ್ಲಲಿ, ಮೊಣಕಾಲು ನೋವು ಕಡಿಮೆಯಾಗಲಿ.

ಊರಿನವರಿಗೆ ಅತ್ತೆಯ ಬಾಯಿಂದ ಒಂದು ಹೊಸ ಮಾತು ಸಿಕ್ಕಿತ್ತು. ಮೊದಲು ದಸ್ತಗೀರನೇ ಶುರು ಮಾಡಿದ. ಪಂಕ್ಚರ್ ಹಾಕಿಸಿಕೊಳ್ಳಲು ಬಂದವರಿಗೆ "ನೀ ಇದ್ರ ನಮಗ ಒಂದೂ ನಡಿಯೂದಿಲ್ಲಪಾ" ಎಂದು ಹೇಳಿ ನಗುತ್ತಿದ್ದ. ನಕ್ಕವರು ಮನೆಗೆ ಹೋಗಿ ತಮ್ಮವರಿಗೆ ಹೇಳಿದರು. ಒಂದೆರಡು ವರ್ಷಗಳಲ್ಲಿ ನಗುವೂ ಹೋಯಿತು, ಮಾತಷ್ಟೇ ಉಳಿಯಿತು. ಬೇಕಾದವರು ಮನೆಗೆ ಬಂದರೆ, ಕಷ್ಟಕ್ಕೆ ಆದವರು ಎದ್ದು ಹೊರಟರೆ, ಜನ ಅದನ್ನೇ ಹೇಳತೊಡಗಿದರು. ಹೊಸ ಮಕ್ಕಳಿಗಂತೂ ಅದರಲ್ಲಿ ಏನಾದರೂ ತಪ್ಪಿದೆ ಎಂದು ಅನ್ನಿಸುತ್ತಲೇ ಇರಲಿಲ್ಲ. ಹೊರಗಿನಿಂದ ಹೆಣ್ಣು ನೋಡಲು ಬಂದ ಒಂದು ಬೀಗರ ಗುಂಪಿಗೆ ಈ ಮಾತಿನ ಸ್ವಾಗತ ಸಿಕ್ಕಿ, ಅವರು ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟಿದ್ದರು. ಮಾಸ್ತರರು ಓಡಿ ಹೋಗಿ ಅಡ್ಡ ನಿಂತು ತಿಳಿಸಿ ಹೇಳಬೇಕಾಯಿತು.

ಮಾಸ್ತರರಿಗೂ ದಸ್ತಗೀರನಿಗೂ ಈ ಮಾತಿನ ಮೇಲೆ ಮುಗಿಯದ ವಾದ. ಅದು ಬಾಯಿ ತಪ್ಪಿ ಹುಟ್ಟಿದ್ದು, ಒಂದು ಅಕ್ಷರ ನುಂಗಿಹೋಗಿ ಅರ್ಥ ತಿರುಗಿದೆ ಎಂದು ಮಾಸ್ತರರು. ಅಲ್ಲ, ರಾಚವ್ವ ಕುಶಾಲಿಗೆ ಅಂದದ್ದು, ಅಂಗೈ ಮೇಲೆಯೇ ಇತ್ತು, ಪರಾತದ ಕೆಳಗೆ ಇದ್ದರೇನು ಅಂಗೈ ಅಂಗೈಯೇ ಎಂದು ದಸ್ತಗೀರ. ಊಟಕ್ಕೆ ಕೂತರೆ ಇಬ್ಬರೂ ಅಲ್ಲಿಗೇ ಬರುತ್ತಿದ್ದರು. ಉಳಿದವರು ಒಬ್ಬೊಬ್ಬರ ಕಡೆ ಸೇರುತ್ತಿದ್ದರು. ಅಂದವಳು ಅವರ ನಡುವೆಯೇ ಪಲ್ಯದ ಪಾತ್ರೆ ಹಿಡಿದು ಓಡಾಡುತ್ತಿದ್ದಳು. ಆಕೆಯನ್ನು ಯಾರೂ ಕೇಳುತ್ತಿರಲಿಲ್ಲ, ಕೈಯಲ್ಲಿ ಭಾರ ಇತ್ತಲ್ಲ.

ನಾನು ಒಮ್ಮೆ ಕೇಳಿದೆ. ಮಧ್ಯಾಹ್ನದ ಗದ್ದಲ ಮುಗಿದು ನಾವಿಬ್ಬರೇ ಜೋಳ ಹಸನು ಮಾಡುತ್ತ ಕೂತಿದ್ದೆವು. ಆಕೆ ಮೊರ ಕೆಳಗಿಟ್ಟಳು.

"ಬಾಯಿ ತಪ್ಪಿತು ಅಂತನ ಇಷ್ಟ ದಿನಾ ಅನಕೊಂಡಿದ್ದೆ. ಒಂದೊಂದ ಸಲ ನನಗ ಅನುಮಾನ ಬರ್ತೈತಿ. ಟೇಬಲ್ಲಿನ ಸಿಟ್ಟು ಹೊಟ್ಯಾಗ ಇತ್ತಲ್ಲಾ, ಅದ ನಾಲಿಗಿ ಮ್ಯಾಲ ಬಂತೇನು? ಆಕಿ ಸಾಯ್ತಾಳೇನೋ ಅಂತ ಅಂಜಿ ಅಂಜಿ ಒಣಗಿದ್ದೆ. ಆಕಿ ಎದ್ದು ಕುಂತದ್ದು ನೋಡಿ ಜೀವ ಬಂದಂಗಾಗಿತ್ತು. ಅದು ಖರೆ. ಆದ್ರ ಹಿಂದಿನ ದಿನ ಪ್ಯಾಟ್ಯಾಗ ಸೀರಿ ತಗೊಳುವಾಗ, ಇನ್ನ ಮತ್ತ ಟೇಬಲ್ ಹಾಕೂದು ಆಗೂದಿಲ್ಲ ಅಂತ ಅನಿಸಿದ್ದೂ ಖರೆ. ಯಾವುದು ಬಾಯಿಗೆ ಬಂತು, ನನಗ ಹೆಂಗ ತಿಳೀಬೇಕು?"

ಆಕೆಯ ದನಿ ಎಂದಿನಂತೆಯೇ ಇತ್ತು. ಎರಡೂ ಕೈ ಮಡಿಲಲ್ಲಿ ಬೋರಲಾಗಿ ಬಿದ್ದಿದ್ದವು.

ಬಸ್ ನಿಲ್ದಾಣದ ಎದುರಿಗೇ ಒಂದು ಹೋಟೆಲು ಬಂತು. ಮೇಜು, ಕುರ್ಚಿ, ಫ್ಯಾನು, ಅನ್ನ, ಚಹಾ. ಬಸ್ಸಿಳಿದ ಜನ ಓಣಿಯ ತನಕ ಬರುವುದು ನಿಂತಿತು. ಹಳಬರು ಮಾತ್ರ ಬರುತ್ತಿದ್ದರು, ಅವರಿಗೂ ವಯಸ್ಸಾಗಿ ನೆಲದ ಮೇಲೆ ಕೂತು ಏಳುವುದು ಕಷ್ಟವಾಗುತ್ತಿತ್ತು. ಮಾಸ್ತರರು ಒಂದು ಕೈ ಗೋಡೆಗೆ, ಇನ್ನೊಂದು ಕೈ ದಸ್ತಗೀರನ ಹೆಗಲಿಗೆ ಕೊಟ್ಟು ಏಳುತ್ತಿದ್ದರು. ಅತ್ತೆ ನೋಡುತ್ತಿದ್ದಳು. ಆದರೂ ಮೇಜು ಮುಟ್ಟಲಿಲ್ಲ. ಕೊನೆಗೆ ಹಸಿದು ಬರುವವರಿಗಿಂತ ನೋಡಿ ಹೋಗಲು ಬರುವವರೇ ಹೆಚ್ಚಾದಾಗ ಬಸಲಿಂಗ ಬಾಗಿಲು ಹಾಕಿದ, ತಾನು ಆ ಹೋಟೆಲಿನಲ್ಲೇ ಗಲ್ಲೆಯ ಮೇಲೆ ಕೂರುವ ಕೆಲಸಕ್ಕೆ ಸೇರಿದ. ಅತ್ತೆ ಆಮೇಲೂ ಪಡಸಾಲೆಯನ್ನು ದಿನವೂ ಸಾರಿಸುತ್ತಿದ್ದಳು. ಅದಾಗಿ ಎರಡು ಮಳೆಗಾಲ ಬದುಕಿದ್ದಳು. ಒಂದು ದಿನ ಸಾರಿಸಿ, ಕೈ ತೊಳೆದುಕೊಂಡು, ಸ್ವಲ್ಪ ಹೊತ್ತು ಮಲಗುತ್ತೇನೆ ಎಂದು ಮಲಗಿದವಳು ಏಳಲಿಲ್ಲ.

ಕ್ರಿಯಾಕರ್ಮ ಮುಗಿದ ಮೇಲೆ ನಾನು ನೀಲತ್ತಿಯ ಊರಿಗೆ ಹೊರಟೆ. ಸುದ್ದಿಯನ್ನು ಕಂಡಕ್ಟರನ ಬಾಯಲ್ಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಬಸಲಿಂಗನಿಗೆ ರಜೆ ಇರಲಿಲ್ಲ. ಸೇತುವೆ ದಾಟಿದ ಮೇಲೆ ಬಸ್ಸು ಹತ್ತಿದ ಹೆಂಗಸರ ಹರಟೆ ಕೇಳುತ್ತ ಕೂತೆ. ಏನು ಮಾತಾಡುತ್ತಿದ್ದರೋ ನೆನಪಿಲ್ಲ. ದನಿಗಳು ಹತ್ತುತ್ತಿದ್ದವು, ಇಳಿಯುತ್ತಿದ್ದವು, ಒಬ್ಬಳ ಮಾತಿನ ಮೇಲೆ ಇನ್ನೊಬ್ಬಳ ಮಾತು ಬೀಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅದನ್ನು ಕೇಳಿ ಎದೆ ತುಂಬಿ ಬಂತು.

ನೀಲತ್ತಿ ಅಲ್ಲಿ ಹೆಣ್ಣುಮಕ್ಕಳ ಒಂದು ವಸತಿ ಶಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ಬಾಗಿತ್ತು, ಕೈ ಮಾತ್ರ ಹಾಗೇ ಇದ್ದವು. ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಎದ್ದು ನಿಂತಳು, ನನ್ನ ಬೋಳು ಹಣೆಯ ಕಡೆ, ಕೊರಳ ತಾಳಿಯ ಕಡೆ ನೋಡಿದಳು. ಸೂತಕ ಕಳೆದು ನಾನಿನ್ನೂ ಕುಂಕುಮ ಇಟ್ಟಿರಲಿಲ್ಲ.

"ವೈನಿ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆ ಅಳು ಹೇಗಿತ್ತು ಎಂದು ನಾನು ಬರೆಯಲಾರೆ. ನನಗೆ ನನ್ನ ಅತ್ತೆಗಾಗಿ ಹಾಗೆ ಅಳಲು ಆಗಿರಲಿಲ್ಲ. ಆಕೆಯ ಪಕ್ಕದಲ್ಲಿ ಕೂತು, ನನಗಾಗಿಯೂ ಆಕೆಯೇ ಅಳಲಿ ಎಂದು ಸುಮ್ಮನಿದ್ದೆ.

ಸಮಾಧಾನವಾದ ಮೇಲೆ ನನಗೆ ಊಟಕ್ಕೆ ಬಡಿಸಿದಳು. ಅಲ್ಲಿ ಹುಡುಗಿಯರ ಊಟಕ್ಕೆ ಉದ್ದುದ್ದ ಮೇಜುಗಳಿದ್ದವು. ಒಂದರ ಮುಂದೆ ನನ್ನನ್ನು ಕೂರಿಸಿ ತಾನು ಎದುರಿಗೆ ಕೂತಳು. ಊರಿನವರೆಲ್ಲ ಅತ್ತೆಯ ಆ ಮಾತನ್ನು ಈಗ ಅಕ್ಕರೆಗೆ ಬಳಸುತ್ತಾರೆ ಎಂದು ಹೇಳಿದೆ. ಮಾಸ್ತರರ ವಾದ, ದಸ್ತಗೀರನ ವಾದ, ಬೀಗರು ಚಪ್ಪಲಿ ಮೆಟ್ಟಿ ಹೊರಟದ್ದು ಎಲ್ಲ ಹೇಳಿದೆ. ಆಕೆ ನಕ್ಕಳು.

"ಅವರಿಗೆ ಹೇಳು, ಮಾಸ್ತರಂದು ಖರೆ ಅಂತ. ಬಾಯಿ ತಪ್ಪಿದ್ದು ನನಗ ಅವತ್ತ ಗೊತ್ತಾಗಿತ್ತು. ಆಕಿ ಕಣ್ಣ ನೋಡಿಲ್ಲೇನು ನಾನು?"

ನಾನು ತುತ್ತು ಕೆಳಗಿಟ್ಟೆ. "ಮತ್ತ ಯಾಕ ಹೋದ್ರಿ ನೀಲತ್ತಿ?"

ಆಕೆ ಮೇಜಿನ ಮೇಲೆ ಬಿದ್ದಿದ್ದ ಹಿಟ್ಟಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತ ಹೇಳಿದಳು. "ಬಾಯಿ ತಪ್ಪಿದ್ರೂ ಮಾತು ಖರೆ ಇತ್ತಲ್ಲ. ನಾ ಇದ್ದೆ ಅಂತ ಆಕಿದು ಒಂದೂ ನಡೀಲಿಲ್ಲ. ಕುರ್ಚಿ ಬ್ಯಾಡ ಅಂದೆ, ಅನ್ನ ಬ್ಯಾಡ ಅಂದೆ. ನಮ್ಮಪ್ಪನ ಮನಿ ಅಂತ ಆಕಿ ಸುಮ್ನಾದ್ಳು. ಅವತ್ತ ರಾತ್ರಿ ಆ ಟೇಬಲ್ ನೋಡ್ಕೋತ ಮಲಗಿದ್ದೆ. ಇಷ್ಟ ವರ್ಷ ಆಕಿ ನನ್ನ ಸಲುವಾಗಿ ತಡಕೊಂಡಾಳ, ಇನ್ನರ ಆಕಿ ಮನಸಿನಂಗ ಆಗ್ಲಿ ಅಂತ ಅನಿಸ್ತು. ನಾ ಅಲ್ಲೇ ಇದ್ರ ಆಕಿ ಮಾಡಾಕಿ ಅಲ್ಲ. ನನ್ನ ಮಾರಿ ನೋಡಿ ಮತ್ತ ಸುಮ್ನಾಗಾಕಿ. ಅದಕ್ಕ ಬಂದೆ. ಕಂಡಕ್ಟರಗ ಹೇಳಿ ಕಳಿಸಿದ್ನಲ್ಲಾ, ತನಗ ಬೇಕಾದಂಗ ನಡಸ್ಲಿ ಅಂತ."

ಆಕೆ ಅದನ್ನು ಹೇಳಿದ ದನಿ ಈಗ ನನ್ನ ಕಿವಿಗೆ ಬಿತ್ತು. ಹೆತ್ತ ತಾಯಿ ಮಗಳಿಗೆ ತನ್ನ ಪೆಟ್ಟಿಗೆಯ ಕೀಲಿ ಕೊಡುವಾಗ ಇರುತ್ತದಲ್ಲ, ಅಂಥ ದನಿ. ಅದರಲ್ಲಿ ಕೊಂಕಿನ ಎಳೆ ಕೂಡ ಇರಲಿಲ್ಲ.

"ಇಲ್ಲಿ ಈ ಹುಡುಗ್ಯಾರು ಟೇಬಲ್ ಮ್ಯಾಲ ಕುಂತೂ ಹೊಟ್ಟಿ ತುಂಬ ಉಣ್ತಾವ ನೋಡು. ನಂದ ತಪ್ಪಿತ್ತು" ಎಂದಳು. ಆಮೇಲೆ ಮುಂದಕ್ಕೆ ಬಾಗಿ, ಇಷ್ಟು ಹೊತ್ತು ಕೇಳಬೇಕೆಂದು ಕಾದವಳಂತೆ ಕೇಳಿದಳು, "ಎಷ್ಟ ಟೇಬಲ್ ಹಾಕಿದ್ಳು ವೈನಿ? ಪಡಸಾಲ್ಯಾಗ ಹಿಡಿದ್ವೇನು? ಅನ್ನದ ಸಾರು ಯಾರು ಮಾಡ್ತಿದ್ರು, ನೀನೇನು?"

ನನ್ನ ದನಿ ಇನ್ನೂ ನಮ್ಮ ಊರಿನದೇ ಇತ್ತು. ಸುಳ್ಳು ಹೇಳಿದ್ದರೆ ಆಕೆಗೆ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ಯೋಚಿಸಿದೆ. ಆದರೆ ಇವರಿಬ್ಬರ ನಡುವೆ ಇಷ್ಟು ಕಾಲ ಒಂದು ಮಾತೂ ಇದ್ದಂತೆ ಮುಟ್ಟಿರಲಿಲ್ಲ. ಇದೊಂದಾದರೂ ಮುಟ್ಟಲಿ ಅನ್ನಿಸಿತು. ನಡೆದದ್ದನ್ನು ಹೇಳಿದೆ. ಆಕೆಯ ಮಾತನ್ನು ಅತ್ತೆ ಹೇಗೆ ತಿಳಿದಳು, ಒಲೆಯ ಮುಂದಿನ ಜಾಗ ಹೇಗೆ ಖಾಲಿ ಇಟ್ಟಳು, ಸೇತುವೆಯ ತನಕ ಹೋಗಿ ಹೇಗೆ ವಾಪಸ್ ಬಂದಳು, ಭರಣಿಗಳು ಹೇಗೆ ಅಲ್ಲೇ ಉಳಿದವು, ಖಾನಾವಳಿಯ ಬಾಗಿಲು ಹೇಗೆ ಮುಚ್ಚಿತು. ಹೊರಗೆ ಹುಡುಗಿಯರು ಕುಂಟಾಟ ಆಡುತ್ತ ಕೂಗುತ್ತಿದ್ದರು.

ನಾನು ಹೇಳಿ ಮುಗಿಸಿದ ಮೇಲೆ ನೀಲತ್ತಿ ತಾನು ಸೇರಿಸಿಟ್ಟಿದ್ದ ಹಿಟ್ಟಿನ ಪುಡಿಯನ್ನು ಸೆರಗಿನಿಂದ ಒರೆಸಿದಳು.

"ಹಂಗಾದ್ರ ನಾ ಸುಮ್ನ ಬಂದೆ" ಎಂದಳು.

ಅಷ್ಟೇ. ನಾಲ್ಕು ಮಾತು. ಕೊನೆಗೆ ಬರುವ ಹೊತ್ತಿಗೆ ದನಿ ಎಷ್ಟು ಕೆಳಗೆ ಇಳಿದಿತ್ತೆಂದರೆ, ಅದು ಬಾಯಿಂದ ಬಂತೋ ನೆಲದಿಂದ ಬಂತೋ ತಿಳಿಯಲಿಲ್ಲ. ನಾನು ಎಂಜಲು ಕೈಯಲ್ಲೇ ಆಕೆಯ ಕೈ ಹಿಡಿದುಕೊಂಡೆ. ನಮ್ಮ ಜೊತೆ ಬಂದು ಇರಿ ಎಂದೆ. ಇಲ್ಲ ಎಂದಳು, ಹುಡುಗಿಯರಿಗೆ ಸಂಜೆಯ ರೊಟ್ಟಿ ಆಗಬೇಕು ಎಂದಳು.

ಮರುದಿನ ಊರು ಸೇರುವಾಗ ಮಧ್ಯಾಹ್ನವಾಗಿತ್ತು. ಬಸ್ಸಿಳಿದರೆ ಎದುರಿಗೇ ಹೋಟೆಲು. ಬಸಲಿಂಗ ಗಲ್ಲೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಹೊರಗೆ ಬಂದ.

"ಏನಂದ್ಳು ನೀಲತ್ತಿ? ಯಾಕ ಹೋಗಿದ್ಳಂತ?" ಎಂದು ಕೇಳಿದ.

ದಾರಿಯುದ್ದಕ್ಕೂ ನಾನು ಆ ದನಿಯನ್ನು ಕಿವಿಯಲ್ಲಿ ಹಿಡಿದುಕೊಂಡು ಬಂದಿದ್ದೆ. ಬಾಯಿ ತೆರೆದು, ಆಕೆ ಹೇಳಿದ ಹಾಗೇ ಹೇಳಲು ನೋಡಿದೆ.

"'ನಾ ಸುಮ್ನ ಬಂದೆ' ಅಂದ್ಳು" ಎಂದೆ. ದನಿ ಇಳಿಯಲಿಲ್ಲ; ಕಾರಣವಿಲ್ಲದೆ ಹಾಗೇ ಬಂದೆ ಎಂದಂತೆ ಕೇಳಿಸಿತು.

"ಹೌದಾ" ಎಂದ ಬಸಲಿಂಗ. ಒಳಗೆ ಯಾರೋ ದುಡ್ಡು ಕೊಡಲು ನಿಂತಿದ್ದರು, ಹೋದ.